ಮನೆಯ ವಿದ್ಯುತ್ತಿನ ಲೆಕ್ಕವೂ ತಂತಿಗೆ ತೊಡಿಸುವ ಬಳೆಯೂ

ಗೃಹಕೃತ್ಯವನ್ನು ನಡೆಸುವವರಿಗೆ ಲೆಕ್ಕವೆಂಬುದು ಹೊಸದಲ್ಲ. ಹಾಲಿನ ಲೆಕ್ಕವು ಗೋಡೆಯ ಕ್ಯಾಲೆಂಡರಿನಲ್ಲಿರುತ್ತದೆ. ಕಿರಾಣಿ ಅಂಗಡಿಯದು ಚೀಟಿಯಲ್ಲಿರುತ್ತದೆ. ಮನೆಯಲ್ಲಿರುವ ಜೋಳವು ಇನ್ನೆಷ್ಟು ದಿನಕ್ಕೆ ಬರುವುದೆಂಬುದನ್ನು ಮನೆಯಾಕೆಯು ಡಬ್ಬಿಯ ಮುಚ್ಚಳವನ್ನು ತೆಗೆದು ನೋಡಿದ ಮಾತ್ರದಿಂದಲೇ ಹೇಳಬಲ್ಲಳು. ಇಷ್ಟೆಲ್ಲ ಬಲ್ಲವಳು ವಿದ್ಯುಚ್ಛಕ್ತಿಯ ವಿಷಯದಲ್ಲಿ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳಂತೆ ಇರಬೇಕಾಗಿದೆ. ತಿಂಗಳಿಗೊಮ್ಮೆ ಜೆಸ್ಕಾಂ ಸಂಸ್ಥೆಯವರು ಬಂದು, ಮೀಟರನ್ನು ನೋಡಿ, ಕೈಯಂತ್ರದಿಂದ ಉದ್ದನೆಯ ಕಾಗದವೊಂದನ್ನು ಹರಿದುಕೊಟ್ಟು ಹೋಗುವರು. ಅದರಲ್ಲಿ ಇಷ್ಟು ಯೂನಿಟ್ಟು ಎಂದಿರುವುದೇ ಹೊರತು, ಯಾವ ಉಪಕರಣವು ತಿಂದಿತು, ಯಾವ ಹೊತ್ತಿನಲ್ಲಿ ತಿಂದಿತು ಎಂಬುದಿರುವುದಿಲ್ಲ. ಕಿರಾಣಿಯವನು ಪದಾರ್ಥಗಳ ಹೆಸರನ್ನೇ ಬರೆಯದೆ ಮೊತ್ತವನ್ನು ಮಾತ್ರ ಬರೆದು ಕಳುಹಿಸಿದರೆ ನಾವು ಒಪ್ಪುವೆವೇ?

ಈ ಕೊರತೆಯನ್ನು ನೀಗಿಸುವ ಒಂದು ಸಣ್ಣ ಉಪಕರಣದ ವಿಷಯವನ್ನು, ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಮನೆವಾರ್ತೆಯನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಈಗ ಓದುತ್ತಿರುವ ಹುಡುಗಿಯರ ತಂದೆತಾಯಿಗಳಿಗೂ ತಿಳಿಯಹೇಳಬೇಕೆಂದು ನಾವು ಉದ್ದೇಶಿಸಿದ್ದೇವೆ. ಇದನ್ನು ನಮ್ಮ ಊರುಗಳ ವೈರ್‌ಮನ್ನರು ಕ್ಲಾಂಪ್ ಮೀಟರ್ ಎಂದೂ ಟಾಂಗ್ ಟೆಸ್ಟರ್ ಎಂದೂ ಕರೆಯುತ್ತಾರೆ. ಅವರು ಕೈಯಲ್ಲಿ ಹಿಡಿದು ಕ್ಷಣಮಾತ್ರ ನೋಡುವ ಆ ಇಕ್ಕಳವನ್ನೇ ಚಿಕ್ಕದಾಗಿ ಮಾಡಿ, ಮನೆಯ ಮುಖ್ಯ ತಂತಿಯ ಮೇಲೆ ಹಗಲುರಾತ್ರಿ ಇರುವಂತೆ ಇಟ್ಟರೆ, ಅದೇ ನಾವು ಹೇಳಹೊರಟ ಸಾಧನವು. ಅದು ಎರಡಾಗಿ ಬಾಯಿ ತೆರೆದು ಮತ್ತೆ ಕಚ್ಚಿಕೊಳ್ಳುವ ಕಡಗದಂತೆ ಇರುವುದರಿಂದ ನಾವು ಇದನ್ನು ಬಳೆಯೆಂದೇ ಕರೆಯುವೆವು.

ನಮ್ಮ ಸೀಮೆಯವರಿಗೆ ವಿದ್ಯುತ್ತು ದೂರದ ವಸ್ತುವಲ್ಲ. ೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗಲೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದಾಗಲೂ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಆ ಭಾಗ್ಯಕ್ಕೆ ಹೊರಗಾಗಿತ್ತು. ಆದರೆ ೧೯೮೫ರಲ್ಲಿ ಕೃಷ್ಣಾ ತೀರದ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕವು ನಡೆಯತೊಡಗಿತು. ಕಾಲಕ್ರಮದಲ್ಲಿ ಎಂಟು ಘಟಕಗಳಾಗಿ ೧,೭೨೦ ಮೆಗಾವಾಟಿನ ಸಾಮರ್ಥ್ಯವು ಅಲ್ಲಿ ಸ್ಥಾಪಿತವಾಯಿತು. ೨೦೧೩ನೆಯ ಇಸವಿ ಡಿಸೆಂಬರ್ ೩೧ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟಿನ ಮಾರ್ಗವು ಕೂಡಿದಾಗ, ದಕ್ಷಿಣ ದೇಶದ ವಿದ್ಯುಜ್ಜಾಲವು ಉಳಿದ ಭಾರತದ ಜಾಲದೊಂದಿಗೆ ಒಂದೇ ತಾಳದಲ್ಲಿ ಬೆಸೆಯಿತು. ಇಂಥ ಊರಿನಲ್ಲಿದ್ದುಕೊಂಡು ನಮ್ಮ ಅಡಿಗೆಮನೆಯ ವಿದ್ಯುತ್ತು ಎತ್ತ ಹೋಗುವುದೆಂಬುದನ್ನು ಅರಿಯದಿರುವುದು ಚೋದ್ಯವೇ ಸರಿ.

ಅರಿಯದಿದ್ದರೆ ನಷ್ಟವೇನೆಂದು ಕೇಳುವವರಿಗೆ ಗೃಹಜ್ಯೋತಿ ಯೋಜನೆಯನ್ನು ತೋರಿಸಬಹುದು. ೨೦೨೩ನೆಯ ಇಸವಿ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯೊಂದಕ್ಕೆ ೨೦೦ ಯೂನಿಟ್ಟುಗಳವರೆಗೆ ವಿದ್ಯುತ್ತು ಉಚಿತವೆಂದು ಎಲ್ಲರೂ ಹೇಳುವರು. ಆದರೆ ನಿಯಮವು ಅಷ್ಟು ಸರಳವಾದುದಲ್ಲ. ೨೦೨೨–೨೩ರ ವರ್ಷದಲ್ಲಿ ಆ ಮನೆಯು ತಿಂಗಳಿಗೆ ಸರಾಸರಿ ಬಳಸಿದಷ್ಟಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಬರುವುದು, ಯೋಜನೆಯ ಆರಂಭದ ನಿಯಮದಂತೆ, ಆ ಮನೆಯ ಹಕ್ಕಾಗಿತ್ತು. ಅದನ್ನು ಮೀರಿ ೨೦೦ರೊಳಗಿದ್ದರೆ ಮೀರಿದಷ್ಟಕ್ಕೆ ಹಣ ತೆರಬೇಕು. ೨೦೦ನ್ನು ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ತೆರಬೇಕು. ಸರಾಸರಿ ೧೪೦ ಯೂನಿಟ್ಟು ಇದ್ದ ಮನೆಯೊಂದನ್ನು ಎಣಿಸಿಕೊಳ್ಳಿರಿ. ಅದರ ಹಕ್ಕು ೧೫೪. ವೈಶಾಖದ ತಿಂಗಳಲ್ಲಿ ೨೦೦ ಬಳಸಿದರೆ ೪೬ಕ್ಕೆ ಹಣ; ೨೦೧ ಬಳಸಿದರೆ ೨೦೧ಕ್ಕೂ ಹಣ. ಒಂದು ಯೂನಿಟ್ಟೆಂದರೆ ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆಯುವುದು. ಗೀಜರಿನ ಗುಂಡಿಯನ್ನು ಆರಿಸಲು ಅರ್ಧ ಗಂಟೆ ಮರೆತರೆ ಆ ಗೆರೆಯನ್ನು ದಾಟಿ ಹೋಗಬಹುದು. ಬಿಲ್ಲು ಬಂದಮೇಲೆ ಇದನ್ನು ತಿಳಿದು ಪ್ರಯೋಜನವೇನು? ತಿಂಗಳ ಇಪ್ಪತ್ತನೆಯ ದಿನದಲ್ಲಿಯೇ ತಿಳಿಯಬೇಕು.

ಇನ್ನು ಬಳೆಯು ಕೆಲಸ ಮಾಡುವ ಬಗೆಯನ್ನು ನೋಡೋಣ. ೧೮೨೦ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಎಂಬ ಪಂಡಿತನು, ವಿದ್ಯುತ್ತು ಹರಿಯುವ ತಂತಿಯ ಬಳಿಯಲ್ಲಿ ದಿಕ್ಸೂಚಿಯ ಸೂಜಿಯು ತಿರುಗುವುದನ್ನು ಕಂಡನು. ಎಂದರೆ ಹರಿಯುವ ವಿದ್ಯುತ್ತು ತನ್ನ ಸುತ್ತಲೂ ಅಯಸ್ಕಾಂತದ ಕ್ಷೇತ್ರವನ್ನು ಹರಡುತ್ತದೆ. ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಅದರ ಮರುಮುಖವನ್ನು ಕಂಡುಹಿಡಿದನು: ಬದಲಾಗುತ್ತಿರುವ ಅಯಸ್ಕಾಂತದ ಕ್ಷೇತ್ರವು ಸಮೀಪದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ನಮ್ಮ ಮನೆಗಳಿಗೆ ಬರುವ ಪ್ರವಾಹವು ಒಂದು ಸೆಕೆಂಡಿಗೆ ಐವತ್ತು ಸಲ ಹಿಂದೆಮುಂದೆ ಓಲಾಡುತ್ತಿರುವುದರಿಂದ ಅದರ ಸುತ್ತಲಿನ ಕ್ಷೇತ್ರವೂ ಬದಲಾಗುತ್ತಲೇ ಇರುವುದಷ್ಟೆ. ಬಳೆಯ ಮೈಯು ಅಯಸ್ಕಾಂತವನ್ನು ಸೆಳೆಯುವ ಲೋಹ ಜಾತಿಯ ಪದಾರ್ಥದಿಂದಾಗಿದ್ದು, ಅದರ ಮೇಲೆ ಕೂದಲಿನಂಥ ತಾಮ್ರದ ತಂತಿಯನ್ನು ಎರಡು ಸಾವಿರ ಸುತ್ತು ಸುತ್ತಿರುತ್ತಾರೆ. ಬಳೆಯೊಳಗೆ ಹಾದುಹೋಗುವ ಮನೆಯ ತಂತಿಯು ಒಂದು ಸುತ್ತಿನಂತೆ. ಆದಕಾರಣ ಮುಖ್ಯ ತಂತಿಯಲ್ಲಿ ೧೦೦ ಆಂಪಿಯರು ಹರಿದರೆ ಬಳೆಯ ತಂತಿಯಲ್ಲಿ ಅದರ ಎರಡು ಸಾವಿರದಲ್ಲೊಂದು ಪಾಲು, ಎಂದರೆ ೫೦ ಮಿಲಿಆಂಪಿಯರು ಹರಿಯುವುದು. ತಂತಿಯನ್ನು ಕತ್ತರಿಸಬೇಕಾಗಿಲ್ಲ, ಹೊದಿಕೆಯನ್ನು ಸುಲಿಯಬೇಕಾಗಿಲ್ಲ, ಜೆಸ್ಕಾಂನವರ ಮೊಹರನ್ನು ಮುಟ್ಟಬೇಕಾಗಿಲ್ಲ. ಮೀಟರಿನಿಂದ ಈಚೆಗೆ, ನಮ್ಮ ಬೋರ್ಡಿನೊಳಗಿನ ತಂತಿಗೆ ತೊಡಿಸಿದರೆ ಸಾಕು.

ಇಲ್ಲಿ ಹೊಸಬರೆಲ್ಲರೂ ಮುಗ್ಗರಿಸುವ ಒಂದು ಸಂಗತಿಯುಂಟು. ಮಿಕ್ಸರಿನ ಅಥವಾ ಇಸ್ತ್ರಿಪೆಟ್ಟಿಗೆಯ ಬಳ್ಳಿಯಂಥ ತಂತಿಗೆ ಬಳೆಯನ್ನು ತೊಡಿಸಿ ನೋಡಿದರೆ ಅಳತೆಯು ಸೊನ್ನೆಯೆಂದು ಬರುವುದು. ಉಪಕರಣವು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರೂ ಉಂಟು. ಕೆಟ್ಟಿರುವುದಿಲ್ಲ. ಆ ಬಳ್ಳಿಯೊಳಗೆ ಫೇಸ್, ನ್ಯೂಟ್ರಲ್ ಎಂಬ ಎರಡು ತಂತಿಗಳಿದ್ದು, ಒಂದರಲ್ಲಿ ಹೋದ ವಿದ್ಯುತ್ತು ಇನ್ನೊಂದರಲ್ಲಿ ಅಷ್ಟೇ ಪ್ರಮಾಣದಲ್ಲಿ ಹಿಂದಿರುಗುವುದು. ಹೋಗುವುದರ ಕ್ಷೇತ್ರವನ್ನು ಬರುವುದರ ಕ್ಷೇತ್ರವು ಅಳಿಸಿಬಿಡುವುದು. ಬಳೆಯೊಳಗೆ ಒಂದೇ ತಂತಿಯಿರಬೇಕು. ಇದಲ್ಲದೆ ಬಳೆಯ ಎರಡು ತುದಿಗಳು ಸರಿಯಾಗಿ ಕಚ್ಚಿಕೊಂಡಿರಬೇಕು. ನಮ್ಮ ಬೇಸಿಗೆಯ ಧೂಳು ಆ ಸಂದಿಯಲ್ಲಿ ಕುಳಿತರೆ ಅಳತೆಯು ಕಡಮೆ ಬರುವುದು. ಒಣ ಬಟ್ಟೆಯಿಂದ ಒರಸಿ ಮುಚ್ಚತಕ್ಕದ್ದು.

ಎರಡು ಸಾವಿರ ವಾಟಿನ ಗೀಜರು ೨೩೦ ವೋಲ್ಟಿನಲ್ಲಿ ಎಂಟೂಮುಕ್ಕಾಲು ಆಂಪಿಯರಿನಷ್ಟು ಎಳೆಯುವುದು; ಇದನ್ನು ಬಳೆಯು ಚೆನ್ನಾಗಿ ಗ್ರಹಿಸುವುದು. ಎಪ್ಪತ್ತೈದು ವಾಟಿನ ಫ್ಯಾನು ಒಂದು ಆಂಪಿಯರಿನ ಮೂರನೆಯ ಒಂದು ಪಾಲನ್ನು ಮಾತ್ರ ಎಳೆಯುವುದರಿಂದ ನೂರು ಆಂಪಿಯರಿಗೆಂದು ಮಾಡಿದ ಬಳೆಗೆ ಅದು ಪಿಸುಮಾತಿನಂತೆ. ಅಂಥಲ್ಲಿ ಆ ಒಂದೇ ತಂತಿಯನ್ನು ಬಳೆಯೊಳಗೆ ಐದು ಸಲ ಸುತ್ತಿ ಹಾಯಿಸಿದರೆ ಅಳತೆಯು ಐದರಷ್ಟಾಗುವುದು; ಬಂದುದನ್ನು ಐದರಿಂದ ಭಾಗಿಸಿದರಾಯಿತು. ಸೊಗಸಾದ ಉಪಾಯವಲ್ಲವೇ? ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಆದರೆ ಬಳೆಯು ತಿಳಿಸುವುದು ಪ್ರವಾಹವನ್ನು ಮಾತ್ರವೇ ಹೊರತು ಶಕ್ತಿಯನ್ನಲ್ಲ. ಅಂಗಡಿಗಳಲ್ಲಿ ಸಿಕ್ಕುವ ಅಗ್ಗದ ಸಾಧನಗಳು ಈ ಭೇದವನ್ನು ಮರೆಸಿ, ಆಂಪಿಯರನ್ನು ೨೩೦ರಿಂದ ಗುಣಿಸಿ ಇಷ್ಟು ವಾಟೆಂದು ತೋರಿಸಿಬಿಡುತ್ತವೆ. ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಇದು ನಡೆದೀತು. ದೇವದುರ್ಗ, ಮಾನ್ವಿಗಳ ಸುತ್ತಿನ ಹಳ್ಳಿಗಳಲ್ಲಿ ನಡೆಯಲಾರದು. ಏತಕ್ಕೆಂದರೆ ಅಲ್ಲಿ ವೋಲ್ಟೇಜು ೨೩೦ರಲ್ಲಿ ನಿಲ್ಲುವುದೇ ಇಲ್ಲ.

ಕಾಲುವೆಯ ನೀರನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮಾನ್ವಿಯ ಕಡೆಯವರಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯೂ, ದೇವದುರ್ಗದವರಿಗೆ ನಾರಾಯಣಪುರದ ಬಲದಂಡೆಯ ಕಾಲುವೆಯೂ ತಿಳಿದೇ ಇವೆ. ಮೇಲ್ಭಾಗದವರು ಭತ್ತದ ಗದ್ದೆಗೆ ನೀರನ್ನು ತಿರುಗಿಸಿಕೊಂಡಾಗ ಕೊನೆಯ ಭಾಗದಲ್ಲಿ ನೀರಿನ ಮಟ್ಟವು ಇಳಿಯುವುದು. ತೂಬು ತೆರೆದಿದ್ದರೂ ನೀರು ನುಗ್ಗುವುದಿಲ್ಲ. ತಂತಿಯ ಗತಿಯೂ ಹೀಗೆಯೇ. ವೋಲ್ಟೇಜೆಂಬುದು ಮಟ್ಟ, ಆಂಪಿಯರೆಂಬುದು ಹರಿವು. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿಯ ಮೇಲೆ ಪಂಪುಸೆಟ್ಟುಗಳೂ ಗಿರಣಿಯೂ ಒಮ್ಮೆಗೇ ನಡೆಯತೊಡಗಿದರೆ, ತಂತಿಯ ಕೊನೆಯಲ್ಲಿರುವ ಮನೆಯಲ್ಲಿ ದೀಪವು ಮಂಕಾಗುವುದು.

ಆ ಮನೆಯಲ್ಲಿ ೧೮೦ ವೋಲ್ಟಿದೆಯೆಂದು ಎಣಿಸಿ, ಮೇಲೆ ಹೇಳಿದ ಗೀಜರನ್ನೇ ಹಚ್ಚಿ ನೋಡೋಣ. ಅದು ಎಳೆಯುವ ಪ್ರವಾಹವು ೬.೮ ಆಂಪಿಯರಿಗೆ ಇಳಿಯುವುದು. ನಿಜವಾದ ಶಕ್ತಿಯು ಮಟ್ಟವನ್ನೂ ಹರಿವನ್ನೂ ಗುಣಿಸಿದ್ದರಿಂದ ಸುಮಾರು ೧,೨೨೫ ವಾಟು. ಆದರೆ ೨೩೦ರಿಂದ ಗುಣಿಸುವ ಅಗ್ಗದ ಸಾಧನವು ೧,೫೬೫ ವಾಟೆಂದು ತೋರಿಸುವುದು. ನೂರಕ್ಕೆ ಇಪ್ಪತ್ತೆಂಟರಷ್ಟು ಸುಳ್ಳು ಲೆಕ್ಕ! ಇಂಥ ಲೆಕ್ಕವನ್ನು ನಂಬಿ ಜೆಸ್ಕಾಂ ಮೀಟರು ತಪ್ಪೆಂದೋ ಸರಿಯೆಂದೋ ವಾದಿಸುವುದು ವ್ಯರ್ಥ. ಇದರೊಡನೆ ಇನ್ನೊಂದನ್ನೂ ಗಮನಿಸಬೇಕು. ೨೩೦ ವೋಲ್ಟಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಕಾಯುವ ನೀರು ಇಲ್ಲಿ ಮೂವತ್ತೆರಡು ನಿಮಿಷವನ್ನು ಮೀರುವುದು. ಯೂನಿಟ್ಟು ಹೆಚ್ಚು ಕಡಮೆ ಅಷ್ಟೇ ಆದರೂ ಬೆಳಗಿನ ಅಡಿಗೆಯ ಹೊತ್ತಿನಲ್ಲಿ ಆ ಹನ್ನೆರಡು ನಿಮಿಷಗಳ ಬೆಲೆಯನ್ನು ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರೇ ಹೇಳಬಲ್ಲರು.

ಮೋಟರುಳ್ಳ ಉಪಕರಣಗಳದು ಇನ್ನೊಂದು ತೊಡಕು. ಫ್ರಿಜ್ಜು, ಪಂಪು, ಹಳೆಯ ಫ್ಯಾನು, ಇವುಗಳಲ್ಲಿ ಪ್ರವಾಹದ ಓಲಾಟವು ವೋಲ್ಟೇಜಿನ ಓಲಾಟಕ್ಕಿಂತ ತುಸು ಹಿಂದೆ ಬೀಳುವುದು. ರಾಗಕ್ಕೆ ತಾಳವು ಹಿಂದಾದಂತೆ ಇದು. ಆಗ ಪ್ರವಾಹದ ಒಂದು ಭಾಗವು ಕೆಲಸ ಮಾಡದೆ ಬರಿದೆ ಹೋಗಿಬರುತ್ತಿರುವುದು. ಒಂದು ಆಂಪಿಯರು ಎಳೆಯುವ ಮೋಟರಿಗೆ ೨೩೦ ವಾಟೆಂದು ಬರೆದುಕೊಂಡರೆ, ನಿಜದಲ್ಲಿ ಅದು ೧೪೦ರಷ್ಟೇ ಇರಬಹುದು. ಮನೆಯ ಮೀಟರು ನಿಜವಾದ ಕೆಲಸಕ್ಕೆ ಮಾತ್ರ ಲೆಕ್ಕ ಹಿಡಿಯುವುದು. ಆದುದರಿಂದ ಬಳೆಯನ್ನು ಕೊಳ್ಳುವವರು ವೋಲ್ಟೇಜನ್ನೂ ಕೂಡ ಅಳೆಯುವ ಸಾಧನವನ್ನೇ ಕೇಳಿ ಕೊಳ್ಳಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅಂಥ ಸಾಧನದೊಳಗಿನ ಬೆರಳುದ್ದದ ಗಣಕವು ಒಂದೊಂದು ಓಲಾಟದೊಳಗೂ ಹಲವಾರು ಸಲ ಎರಡನ್ನೂ ಒಟ್ಟಿಗೆ ನೋಡಿ, ಆಯಾ ಕ್ಷಣದಲ್ಲಿಯೇ ಗುಣಿಸಿ, ಸರಾಸರಿಯನ್ನು ತೆಗೆದು, ನಿಜವಾದ ವಾಟುಗಳನ್ನು ಬರೆದಿಡುವುದು. ವೇಲ್ಸ್ ದೇಶದಲ್ಲಿ ಹುಟ್ಟಿದ ಓಪನ್ ಎನರ್ಜಿ ಮಾನಿಟರ್ ಎಂಬ ಬಳಗದವರು ಇದರ ನಕಾಶೆಗಳನ್ನೂ ಲೆಕ್ಕದ ಕ್ರಮವನ್ನೂ ಯಾರೂ ಬಳಸಿಕೊಳ್ಳಬಹುದೆಂದು ಬಹಿರಂಗವಾಗಿ ಇಟ್ಟಿದ್ದಾರೆ. ಕಾಲೇಜಿನಲ್ಲಿ ವಿಜ್ಞಾನವನ್ನು ಓದುತ್ತಿರುವ ನಮ್ಮ ಹುಡುಗಿಯರು ಮಾಡಲಾರದಂಥ ಕೆಲಸವೇನೂ ಇದಲ್ಲ.

ಮುಖ್ಯ ತಂತಿಯ ಒಂದೇ ಬಳೆಯಿಂದ ಬೇರೆ ಬೇರೆ ಉಪಕರಣಗಳ ಲೆಕ್ಕವು ಹೇಗೆ ತಿಳಿಯುವುದೆಂದು ಸಂಶಯ ಬರಬಹುದು. ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ ಜಾರ್ಜ್ ಹಾರ್ಟ್ ಎಂಬವರು ೧೯೮೦ರ ದಶಕದಲ್ಲಿ ಇದನ್ನು ಶೋಧಿಸಿದರು. ಉಪಕರಣವೊಂದು ಹತ್ತಿದಾಗ ಒಟ್ಟು ಬಳಕೆಯು ಒಂದು ಮೆಟ್ಟಿಲಿನಷ್ಟು ಏರುವುದು, ಆರಿದಾಗ ಅಷ್ಟೇ ಇಳಿಯುವುದು. ಮೆಟ್ಟಿಲಿನ ಎತ್ತರದಿಂದ ಉಪಕರಣವನ್ನು ಗುರುತಿಸಬಹುದು. ಹೊಸಿಲು ದಾಟಿ ಬಂದವರು ಮಾವನವರೋ ಮಗನೋ ಎಂಬುದನ್ನು ಅಡಿಗೆಮನೆಯಲ್ಲಿದ್ದುಕೊಂಡೇ ಹೆಜ್ಜೆಯ ಸಪ್ಪಳದಿಂದ ಹೇಳುವುದಿಲ್ಲವೇ, ಹಾಗೆ. ನಮ್ಮ ದೇಶದಲ್ಲಿಯೂ ೨೦೧೩ರ ಬೇಸಿಗೆಯಲ್ಲಿ ದೆಹಲಿಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಆ ನಗರದ ಒಂದು ಮನೆಯಲ್ಲಿ ೭೩ ದಿನಗಳವರೆಗೆ ಮೀಟರಿಗೂ, ಬೋರ್ಡಿನ ಕವಲುಗಳಿಗೂ, ಒಂದೊಂದು ಉಪಕರಣಕ್ಕೂ ಅಳತೆಯ ಸಾಧನಗಳನ್ನಿಟ್ಟು ಪರೀಕ್ಷಿಸಿದರು. ಕವಲುಗಳಿಗೆ ತೊಡಿಸಿದ್ದು ಇಂಥ ಬಳೆಗಳನ್ನೇ. ಪಾಶ್ಚಾತ್ಯ ದೇಶದ ಮನೆಗಳಲ್ಲಿ ಕಾಣದ ವೋಲ್ಟೇಜಿನ ಏರಿಳಿತವನ್ನೂ, ಪದೇಪದೇ ವಿದ್ಯುತ್ತು ಹೋಗುವುದನ್ನೂ ಅವರು ವಿಶೇಷವಾಗಿ ಗುರುತಿಸಿದರು. ನಮಗೆ ಇದು ಹೊಸ ಸುದ್ದಿಯಲ್ಲ.

ಹೀಗೆ ಬರೆದಿಟ್ಟ ದಾಖಲೆಯನ್ನು ಓದುವಾಗ ಎಲ್ಲರ ಕಣ್ಣೂ ಮೊದಲು ಎತ್ತರದ ಮೆಟ್ಟಿಲುಗಳ ಮೇಲೆ ಬೀಳುವುದು: ಗೀಜರು, ಇಸ್ತ್ರಿ, ಮಿಕ್ಸರು. ಆದರೆ ಮಿಕ್ಸರು ಐದು ನಿಮಿಷ ಗದ್ದಲ ಮಾಡಿ ಸುಮ್ಮನಾಗುವಂಥದು. ರಾಯಚೂರಿನ ಮನೆಯಲ್ಲಿ ಹೆಚ್ಚು ತಿನ್ನುವುದು ಸದ್ದಿಲ್ಲದೆ ತಿರುಗುವ ಫ್ಯಾನು. ಲೆಕ್ಕ ಹಾಕಿ ನೋಡಿರಿ. ಉಷ್ಣಮಾನವು ನಲವತ್ತು ಡಿಗ್ರಿಯನ್ನು ದಾಟುವ ತಿಂಗಳುಗಳಲ್ಲಿ ಎಪ್ಪತ್ತೈದು ವಾಟಿನ ಮೂರು ಫ್ಯಾನುಗಳು ದಿನಕ್ಕೆ ಹದಿನಾರು ಗಂಟೆ ತಿರುಗಿದರೆ ತಿಂಗಳಿಗೆ ೧೦೮ ಯೂನಿಟ್ಟು. ನೂರೆಂಬತ್ತು ವಾಟಿನ ಕೂಲರು ಹನ್ನೆರಡು ಗಂಟೆ ನಡೆದರೆ ೬೫. ಫ್ರಿಜ್ಜಿಗೆ ದಿನಕ್ಕೊಂದು ಯೂನಿಟ್ಟಿನಂತೆ ೩೦. ಒಂದು ದೀಪವನ್ನೂ ಹಚ್ಚುವ ಮೊದಲೇ ೨೦೩ ಆಯಿತು! ಆ ಮೂರು ಫ್ಯಾನುಗಳ ಬದಲು ಬಿ.ಎಲ್.ಡಿ.ಸಿ. ಎಂಬ ಹೊಸ ಜಾತಿಯ ಮೂವತ್ತು ವಾಟಿನ ಫ್ಯಾನುಗಳಿದ್ದರೆ ೧೦೮ರ ಸ್ಥಾನದಲ್ಲಿ ೪೩ ಆಗುವುದು. ದೀಪವನ್ನಾರಿಸಿರೆಂದು ಮಕ್ಕಳನ್ನು ಗದರಿಸಿ ಉಳಿಸುವುದಕ್ಕಿಂತ ಇದು ಎಷ್ಟೋ ಹೆಚ್ಚು, ಈಗಿನ ಎಲ್.ಇ.ಡಿ. ದೀಪವು ಒಂಬತ್ತು ವಾಟಿನದು, ಅದನ್ನು ಗದರಿಸಿ ಫಲವಿಲ್ಲ.

ರಾತ್ರಿ ಎಲ್ಲರೂ ಮಲಗಿ ಫ್ರಿಜ್ಜೂ ತಣ್ಣಗಾಗಿ ನಿಂತ ಗಳಿಗೆಯಲ್ಲಿ ದಾಖಲೆಯ ಗೆರೆಯು ಎಷ್ಟರಲ್ಲಿದೆಯೆಂಬುದನ್ನೂ ನೋಡಬೇಕು. ಅಲ್ಲಿ ಫ್ಯಾನುಗಳನ್ನು ಕಳೆದು ನಲವತ್ತು ವಾಟು ಉಳಿದರೆ ತಿಂಗಳಿಗೆ ಹೆಚ್ಚು ಕಡಮೆ ೨೯ ಯೂನಿಟ್ಟು ಯಾರಿಗೂ ಕಾಣದೆ ಸೋರುತ್ತಿದೆ. ಸಾಮಾನ್ಯವಾಗಿ ಅದರ ಮೂಲವು ಇನ್ವರ್ಟರಿನ ಮುದಿ ಬ್ಯಾಟರಿ, ಇಲ್ಲವೆ ಆರಿಸದೆ ಬಿಟ್ಟ ಟಿ.ವಿ. ಪೆಟ್ಟಿಗೆ.

ಬಳೆಯು ಹೇಳುವುದು ನಿಜವೇ ಎಂದು ಪರೀಕ್ಷಿಸಲು ಮನೆಯ ಮೀಟರೇ ಸಾಕು. ಅದರ ಮುಖದಲ್ಲಿ ಮಿನುಗುವ ಚಿಕ್ಕ ಕೆಂಪು ದೀಪವೂ, ಯೂನಿಟ್ಟಿಗೆ ಎಷ್ಟು ಮಿನುಗೆಂಬ ಸಂಖ್ಯೆಯೂ ಇರುವುವು. ಆ ಸಂಖ್ಯೆ ೩,೨೦೦ ಎಂದಿದ್ದರೆ, ಎರಡು ಮಿನುಗುಗಳ ನಡುವಣ ಸೆಕೆಂಡುಗಳಿಂದ ೧,೧೨೫ನ್ನು ಭಾಗಿಸಿರಿ. ಬರುವುದೇ ಆ ಹೊತ್ತಿನ ವಾಟು. ಐದು ಸೆಕೆಂಡಿಗೊಮ್ಮೆ ಮಿನುಗಿದರೆ ೨೨೫ ವಾಟು. ಬಳೆಯನ್ನು ಕೊಳ್ಳಲಾರದವರೂ ಗಡಿಯಾರವೊಂದಿದ್ದರೆ ಇಷ್ಟನ್ನು ಮಾಡಬಹುದು. ಉಳಿದುದೆಲ್ಲವನ್ನೂ ಆರಿಸಿ ಒಂದೊಂದು ಉಪಕರಣವನ್ನು ಹಚ್ಚಿ ಎಣಿಸುತ್ತ ಹೋದರೆ ಭಾನುವಾರದ ಒಂದು ಮಧ್ಯಾಹ್ನದಲ್ಲಿ ಮನೆಯ ಪಟ್ಟಿಯೇ ಸಿದ್ಧವಾಗುವುದು.

ಎಚ್ಚರಿಕೆಯ ಮಾತುಗಳನ್ನು ಹೇಳದೆ ಬಿಡಲಾಗದು. ಬೋರ್ಡಿನ ಮುಚ್ಚಳವನ್ನು ತೆಗೆಯುವ ಕೆಲಸವು ಪರವಾನಗಿಯುಳ್ಳ ವೈರ್‌ಮನ್ನನದು. ಮೇನ್ ಸ್ವಿಚ್ಚನ್ನು ಆರಿಸಿಯೇ ಮಾಡತಕ್ಕದ್ದು. ಬಳೆಯ ತುದಿಯ ಎರಡು ತಂತಿಗಳನ್ನು ಅಳತೆಯ ಸಾಧನಕ್ಕೆ ಸೇರಿಸಿದ ಮೇಲೆಯೇ ಬಳೆಯನ್ನು ತೊಡಿಸಬೇಕು. ಬಿಡಿಸುವಾಗ ಮೊದಲು ಬಳೆಯನ್ನು ತೆಗೆಯಬೇಕು. ಆ ತುದಿಗಳು ಬಿಚ್ಚಿದ್ದು ಮುಖ್ಯ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ ಅಲ್ಲಿ ಅಪಾಯಕರವಾದ ವೋಲ್ಟೇಜು ಏಳುವ ಸಂಭವವುಂಟು. ಕೆಲವು ಬಳೆಗಳೊಳಗೆ ಇದಕ್ಕೆ ತಡೆಯನ್ನಿಟ್ಟಿರುತ್ತಾರೆ. ಅದನ್ನು ನೆಚ್ಚದಿರುವುದೇ ಲೇಸು. ದಾಖಲೆಯನ್ನು ಕಂಡವರೆಲ್ಲ ನೋಡುವಂತೆ ಇಡಕೂಡದು. ಮನೆಯವರು ಯಾವಾಗ ಏಳುವರು, ಯಾವಾಗ ಹೊರಗೆ ಹೋಗುವರು, ಹುಡುಗಿಯೊಬ್ಬಳೇ ಮನೆಯಲ್ಲಿರುವ ಹೊತ್ತು ಯಾವುದು ಎಂಬುದೆಲ್ಲ ಆ ಗೆರೆಯಿಂದ ತಿಳಿದುಹೋಗುವುದು. ಸಾಧನಕ್ಕೆ ಗುಪ್ತಪದವಿಟ್ಟು, ಅದನ್ನು ಮನೆಯವರಲ್ಲಿಯೇ ಇಟ್ಟುಕೊಳ್ಳಬೇಕು.

ಎರಡು ತಂತಿಗಳನ್ನೂ ಸೇರಿಸಿ ತೊಡಿಸಿದರೆ ಸೊನ್ನೆ ಬರುವುದೆಂದು ಮೇಲೆ ಹೇಳಿದೆವಷ್ಟೆ. ಅದು ಬೇರೊಂದು ಕೆಲಸಕ್ಕೆ ಒದಗುವುದು. ಫೇಸಿನಲ್ಲಿ ಹೋದುದು ಪೂರ್ತಿಯಾಗಿ ನ್ಯೂಟ್ರಲಿನಲ್ಲಿ ಬಾರದೆ, ಗೀಜರಿನ ಮೈಯಿಂದಲೋ ಒದ್ದೆಯ ಗೋಡೆಯಿಂದಲೋ ನೆಲಕ್ಕೆ ಸೋರುತ್ತಿದ್ದರೆ ಸೊನ್ನೆ ಬರುವುದಿಲ್ಲ. ಬಂದ ಅಳತೆಯೇ ಸೋರಿಕೆಯ ಅಳತೆ. ಮಿಲಿಆಂಪಿಯರುಗಳನ್ನು ಸೂಕ್ಷ್ಮವಾಗಿ ಅಳೆಯುವ ಇಕ್ಕಳವು ಇದಕ್ಕೆ ಬೇರೆಯೇ ಉಂಟು. ನೂರು ಆಂಪಿಯರಿನ ಬಳೆಗೆ ಇದು ಎಟಕದು. ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತ, ಮೂವತ್ತು ಮಿಲಿಆಂಪಿಯರಿನ ಸೋರಿಕೆಗೇ ಮನೆಯ ವಿದ್ಯುತ್ತನ್ನು ಕಡಿದುಬಿಡುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಅಂಗಡಿಗಳಲ್ಲಿ ದೊರೆಯುವುದು. ಬಕೆಟ್ಟಿನಲ್ಲಿ ನೀರು ಕಾಯಿಸುವ ಸರಳನ್ನು ಇಳಿಬಿಟ್ಟು, ಅದು ಹತ್ತಿರುವಾಗಲೇ ಬೆರಳನ್ನದ್ದಿ ಬಿಸಿಯಾಯಿತೇ ಎಂದು ನೋಡುವ ಅಭ್ಯಾಸವು ನಮ್ಮ ಮನೆಗಳಲ್ಲಿ ಇನ್ನೂ ಇರುವುದರಿಂದ, ಬಳೆಯನ್ನು ತೊಡಿಸಲು ವೈರ್‌ಮನ್ನನನ್ನು ಕರೆಸಿದ ದಿನವೇ ಬೋರ್ಡಿನಲ್ಲಿ ಈ ಸ್ವಿಚ್ಚು ಇದೆಯೇ ಎಂದು ಅವನಿಂದ ನೋಡಿಸಿ, ಇಲ್ಲವಾದರೆ ಬಳೆಗಿಂತ ಮೊದಲು ಅದನ್ನು ಹಾಕಿಸಿರಿ.